ಲಾಟೆಮ್ ಎಂಬ ಚಿತ್ರಕಾರರ ಊರು

ಕೇಳುಗರಿಗೆ ನಮಸ್ಕಾರ.

ಬೆಲ್ಜಿಯಂನ ಗೆಂಟ್ ನಗರದ ಹತ್ತಿರ, ಲೈಯೆ ನದಿ ಬಳಸಿ ಬಳಸಿ ಹರಿಯುವ ಕಡೆ, ಸಿಂಟ್-ಮಾರ್ಟೆನ್ಸ್-ಲಾಟೆಮ್ ಎಂಬ ಊರಿದೆ. ಇವತ್ತು ಅದು ಆ ದೇಶದ ಭಾರೀ ಶ್ರೀಮಂತರ ಊರುಗಳಲ್ಲೊಂದು. 1900ರ ಸುಮಾರಿಗೆ ಅಲ್ಲಿದ್ದವರು ಹೆಚ್ಚಾಗಿ ರೈತರು. ಪೇಟೆ ಸಾಕೆನಿಸಿದ ಕಲಾವಿದರು ಒಬ್ಬೊಬ್ಬರಾಗಿ ಬಂದು ಅಲ್ಲಿ ಮನೆ ಹಿಡಿದರು.

ಅವರಿಗಿಂತ ಮೊದಲೇ ಊರಲ್ಲೊಬ್ಬ ಚಿತ್ರಕಾರರಿದ್ದರು. ಆಲ್ಬೈನ್ ವಾನ್ ಡೆನ್ ಆಬೇಲೆ, 1835ರಲ್ಲಿ ಅಲ್ಲೇ ಹುಟ್ಟಿದವರು. ಮೇಯರ್ ಆಗಿದ್ದರು, ಆಮೇಲೆ ಊರಿನ ಆಡಳಿತದ ಕಾರ್ಯದರ್ಶಿಯಾದರು, ಹಳ್ಳಿಯ ಕಥೆಗಳನ್ನೂ ಬರೆದರು. ಕುಂಚ ಹಿಡಿದದ್ದು ನಲವತ್ತರ ಆಸುಪಾಸಿನಲ್ಲಿ. ಪೈನ್ ತೋಪಿನ ಒಂದೊಂದು ಕಾಂಡವನ್ನೂ ತಾಳ್ಮೆಯಿಂದ ಬಿಡಿಸುತ್ತಿದ್ದರು. ಕಲಾಚರಿತ್ರೆ ಇವರನ್ನು ಹಿರಿಯಣ್ಣನ ಜಾಗದಲ್ಲಿ ಕೂರಿಸಿ ಮುಂದೆ ಹೋಗಿಬಿಡುತ್ತದೆ. ನನಗಂತೂ ಇವರ ಮೇಲೆ ಒಂದು ಕೈ ಹೆಚ್ಚೇ ಪ್ರೀತಿ.

ಮೊದಲ ತಲೆಮಾರಿನಲ್ಲಿ ಶಿಲ್ಪಿ ಜಾರ್ಜ್ ಮಿನ್ನೆ, ಚಿತ್ರಕಾರರಾದ ಗುಸ್ತಾವ್ ವಾನ್ ದ ವೂಸ್ಟೈನ್, ವಲೇರಿಯಸ್ ದ ಸಾಡೆಲೇರ್ ಇದ್ದರು. 1902ರಲ್ಲಿ ಬ್ರೂಜ್ ನಗರದಲ್ಲಿ ಆ ಸೀಮೆಯ ಹಳೆಯ ಫ್ಲೆಮಿಶ್ ಚಿತ್ರಗುರುಗಳ ದೊಡ್ಡ ಪ್ರದರ್ಶನ ನಡೆಯಿತು. ಅದರ ಗುಂಗು ಇವರನ್ನು ಬಿಡಲಿಲ್ಲ. ವೂಸ್ಟೈನ್ ನೆರೆಯ ರೈತರ ಮುಖಗಳನ್ನು ಹಳೆಯ ಸಂತರ ಚಿತ್ರಗಳಷ್ಟೇ ನಿಷ್ಠೆಯಿಂದ ಬರೆದರು. ಸಾಡೆಲೇರರ ಹಿಮದ ಬಯಲು, ಬೋಳು ಮರ ಕಂಡರೆ ಹದಿನಾರನೆಯ ಶತಮಾನದ ಫ್ಲೆಮಿಶ್ ಚಿತ್ರಕಾರ ಬ್ರೂಗೆಲ್ ನೆನಪಾಗದೆ ಇರುವುದಿಲ್ಲ.

ಕೆಲವೇ ವರ್ಷಗಳಲ್ಲಿ ಕಾನ್‌ಸ್ಟಂಟ್ ಪರ್ಮೆಕೆ, ಗುಸ್ಟ್ ದ ಸ್ಮೆಟ್, ಫ್ರಿಟ್ಸ್ ವಾನ್ ಡೆನ್ ಬರ್ಗೆ ಬಂದರು. ನದಿಯ ಮೇಲ್ದಂಡೆಯಲ್ಲಿದ್ದ ಎಮಿಲ್ ಕ್ಲಾಸರ ಬಿಸಿಲು ತುಂಬಿದ ಚಿತ್ರಗಳ ಪ್ರಭಾವ ಮೊದಮೊದಲು ಇವರ ಮೇಲೂ ಇತ್ತು. ಅಷ್ಟರಲ್ಲಿ 1914ರ ಯುದ್ಧ. ಪರ್ಮೆಕೆ ಗಾಯಗೊಂಡು ಇಂಗ್ಲೆಂಡ್ ಸೇರಿದರು. ಉಳಿದಿಬ್ಬರು ನೆದರ್‌ಲ್ಯಾಂಡ್ಸಿಗೆ ಹೋದರು. ಮಿನ್ನೆ, ವೂಸ್ಟೈನ್, ಸಾಡೆಲೇರ್ ವೇಲ್ಸ್‌ನಲ್ಲಿ ಆಸರೆ ಪಡೆದರು. ದ ಸ್ಮೆಟ್ ಮತ್ತು ಬರ್ಗೆ, ರೂಪಗಳನ್ನು ಕೋನ ಕೋನದ ತುಂಡುಗಳಾಗಿ ಒಡೆದು ತೋರಿಸುವ ಕ್ಯೂಬಿಸಂ, ಭಾವದ ತೀವ್ರತೆಗಾಗಿ ಆಕಾರ ಬಣ್ಣಗಳನ್ನು ತಿರುಚುವ ಜರ್ಮನ್ ಎಕ್ಸ್‌ಪ್ರೆಷನಿಸಂಗಳನ್ನು ಅರಗಿಸಿಕೊಂಡದ್ದು ಆ ವಲಸೆಯಲ್ಲೇ. ಹಾಗಾಗಿ ಲಾಟೆಮ್‌ನ ಎರಡನೇ ತಲೆಮಾರಿನ ಶೈಲಿ ಎಂದು ಹೆಸರಾದದ್ದು ಬಹುಪಾಲು ಹದಗೊಂಡದ್ದು ಲಾಟೆಮ್‌ನ ಹೊರಗೆ. ಊರಿನ ಹೆಸರು ಅದಕ್ಕೆ ಅಂಟಿಕೊಂಡಿತು, ಅಷ್ಟೆ.

ಯುದ್ಧದ ನಂತರದ ಪರ್ಮೆಕೆಯ ಬೆಸ್ತರನ್ನು ನೋಡಬೇಕು. ಮಣ್ಣಿನ ಕಂದು ಬಣ್ಣ, ಚೌಕಟ್ಟಿಗೆ ಹಿಡಿಸದ ಮೈ, ಮೈಗೆ ಮೀರಿದ ಭಾರೀ ಕೈಗಳು. ಕ್ಲಾಸರ ಬಿಸಿಲಿನ ಸುಳಿವೂ ಅಲ್ಲಿಲ್ಲ.

ಆ ಕಡೆ ಹೋಗುವವರಿದ್ದರೆ, ಗೆಂಟ್‌ನ ಲಲಿತಕಲಾ ಮ್ಯೂಸಿಯಂ ಇದೆ. ಲಾಟೆಮ್ ಪಕ್ಕದ ಡ್ಯೂರ್ಲೆಯಲ್ಲಿ ದ ಸ್ಮೆಟ್ ಬಾಳಿದ ಮನೆಯೂ ಮ್ಯೂಸಿಯಂ ಆಗಿದೆ. 1968ರಲ್ಲಿ ತೆರೆದ ಡೊಂಟ್-ಡಾನೆನ್ಸ್ ಮ್ಯೂಸಿಯಂ ಕೂಡ ಅದೇ ಊರಿನಲ್ಲಿದೆ.