ಎರಡನೆಯವರು ಬೇಕಾಗಿದ್ದಾರೆ

ಕೇಳುಗರಿಗೆ ನಮಸ್ಕಾರ.

‘ನಾಲ್ಕು ಮಂದಿ ಏನಂದಾರು’ ಎಂಬ ಮಾತನ್ನು ಕೇಳದೆ ನಮ್ಮ ಧಾರವಾಡ ಸೀಮೆಯಲ್ಲಿ ಬೆಳೆದವರು ಯಾರೂ ಇರಲಿಕ್ಕಿಲ್ಲ. ಮಗ ವಿಜ್ಞಾನ ಬಿಟ್ಟು ಇತಿಹಾಸ ಓದುತ್ತೇನೆಂದರೆ, ಗಂಡನನ್ನು ಕಳೆದುಕೊಂಡ ಅತ್ತಿಗೆ ಮದುವೆ ಮನೆಯಲ್ಲಿ ಆರತಿ ತಟ್ಟೆ ಹಿಡಿದರೆ, ಸಾಲ ತೆಗೆದು ಲಗ್ನ ಮಾಡುವುದು ಬೇಡವೆಂದು ಮದುಮಗನೇ ಹಟ ಹಿಡಿದರೆ, ಈ ನಾಲ್ಕು ಮಂದಿ ಎಲ್ಲಿಂದಲೋ ಎದ್ದು ಬಂದುಬಿಡುತ್ತಾರೆ. ಅವರು ಯಾರು, ಯಾವ ಓಣಿಯವರು ಎಂದು ಕೇಳಿ ನೋಡಿ, ಒಬ್ಬರ ಹೆಸರನ್ನೂ ಯಾರೂ ಹೇಳುವುದಿಲ್ಲ. ಇಂಥ ವಿಷಯದ ಮೇಲೆ ಮಾತನಾಡುವವರು ಸಾಮಾನ್ಯವಾಗಿ ‘ಧೈರ್ಯದಿಂದ ಒಬ್ಬರೇ ನಿಲ್ಲಿರಿ’ ಎಂದು ಉಪದೇಶ ಮಾಡುತ್ತಾರೆ. ಅನೇಕ ವರ್ಷ ಮನಶ್ಶಾಸ್ತ್ರ ಕಲಿಸಿದ ನನಗೆ ಆ ಉಪದೇಶದಲ್ಲಿ ನಂಬಿಕೆ ಉಳಿದಿಲ್ಲ. ಒಬ್ಬರೇ ನಿಲ್ಲುವವರು ಹೇಗೂ ನಿಲ್ಲುತ್ತಾರೆ. ನಮಗೆ ಬೇಕಾಗಿರುವುದು ಅವರ ಮಗ್ಗುಲಲ್ಲಿ ನಿಲ್ಲುವ ಎರಡನೆಯವರು.

ಅಮೆರಿಕದ ಸ್ವಾರ್ತ್‌ಮೋರ್ ಎಂಬ ಕಾಲೇಜಿನಲ್ಲಿ ಸಾಲೊಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞರಿದ್ದರು. 1951ರಲ್ಲಿ ಅವರು ಪ್ರಕಟಿಸಿದ ಪ್ರಯೋಗ ಬಹಳ ಸರಳವಾದದ್ದು. ಒಂದು ರಟ್ಟಿನ ಮೇಲೆ ಒಂದು ಗೆರೆ, ಇನ್ನೊಂದರ ಮೇಲೆ ಮೂರು ಗೆರೆ. ಮೂರರಲ್ಲಿ ಯಾವುದು ಮೊದಲಿನದರಷ್ಟೇ ಉದ್ದವೆಂದು ಹೇಳಬೇಕು. ಒಬ್ಬರನ್ನೇ ಕೂರಿಸಿ ಕೇಳಿದರೆ ನೂರಕ್ಕೆ ಒಂದು ಉತ್ತರವೂ ತಪ್ಪುವುದಿಲ್ಲ. ಆದರೆ ಕೋಣೆಯಲ್ಲಿದ್ದ ಉಳಿದವರಿಗೆಲ್ಲ ಮೊದಲೇ ಹೇಳಿಕೊಟ್ಟು ಒಂದೇ ತಪ್ಪು ಉತ್ತರವನ್ನು ಅವರ ಬಾಯಿಂದ ಹೇಳಿಸಿದಾಗ, ಏನೂ ಅರಿಯದ ಆ ಒಬ್ಬರ ಉತ್ತರಗಳಲ್ಲಿ ಮೂರನೇ ಒಂದು ಪಾಲು ಗುಂಪಿನ ಕಡೆಗೆ ವಾಲಿದವು. ನಾಲ್ವರಲ್ಲಿ ಮೂವರು ಒಮ್ಮೆಯಾದರೂ ತಮ್ಮ ಕಣ್ಣನ್ನೇ ಸುಳ್ಳು ಮಾಡಿದರು. ತಪ್ಪು ಹೇಳುವವನು ಎದುರಿಗೆ ಒಬ್ಬನೇ ಇದ್ದಾಗ ಹೆಚ್ಚಾಗಿ ಯಾರೂ ಅಲುಗಲಿಲ್ಲ, ಮೂವರಾದ ಕೂಡಲೇ ಒತ್ತಡ ಹೆಚ್ಚುಕಡಿಮೆ ಪೂರ್ತಿ ಏರಿತು, ಅದಕ್ಕಿಂತ ಮಂದಿ ಹೆಚ್ಚಿಸಿದರೂ ಹೆಚ್ಚಿನ ಫರಕು ಬೀಳಲಿಲ್ಲ. ನಮ್ಮ ಹಿರಿಯರು ಹತ್ತು ಮಂದಿ, ನೂರು ಮಂದಿ ಎನ್ನದೆ ನಾಲ್ಕು ಮಂದಿ ಎಂದೇ ಅಂದದ್ದು ಎಂಥ ಲೆಕ್ಕ ನೋಡಿ!

ಈ ಪ್ರಯೋಗವನ್ನು ನಾನೂ ಧಾರವಾಡದ ನನ್ನ ತರಗತಿಯಲ್ಲಿ ಮಾಡಿದ್ದೆ. ಮದುವೆಯ ಲಗ್ನಪತ್ರಿಕೆಗಳ ಬಿಳಿ ಬೆನ್ನಿನ ಮೇಲೆ ಗೆರೆ ಎಳೆದು, ಏಳು ವಿದ್ಯಾರ್ಥಿಗಳನ್ನು ನೀರಿನ ಟಾಕಿಯ ಹಿಂದೆ ಕರೆದೊಯ್ದು ತಪ್ಪು ಉತ್ತರ ಹೇಳಲು ತಯಾರು ಮಾಡಿದೆ. ಎಂಟನೆಯವನಾಗಿ ಕೂರಿಸಿದ್ದು ಹಾನಗಲ್ಲ ಕಡೆಯ ಒಬ್ಬ ಬಡಿಗರ ಹುಡುಗನನ್ನು. ಹಲಗೆಯನ್ನು ಕಣ್ಣಳತೆಯಲ್ಲೇ ನೋಡಿ ಇಷ್ಟು ಇಂಚು ಎಂದು ಹೇಳುವ ಹುಡುಗ. ಇವನು ಸೋಲುವುದಿಲ್ಲವೆಂದೇ ನನ್ನ ಎಣಿಕೆ. ಮೊದಲ ಎರಡು ಸಲ ಎಲ್ಲರೂ ಸರಿಯಾಗಿಯೇ ಹೇಳಿದರು. ಮೂರನೆಯ ಸಲ ಏಳೂ ಮಂದಿ ಒಬ್ಬರ ಹಿಂದೊಬ್ಬರು ‘ಎರಡು’ ಎನ್ನತೊಡಗಿದಾಗ ಅವನು ಮುಂದಕ್ಕೆ ಬಾಗಿದ, ಡೆಸ್ಕಿನ ಕೆಳಗೆ ಹೆಬ್ಬೆರಳು ತೋರುಬೆರಳು ಅಗಲಿಸಿ ಗೆರೆಯ ಅಳತೆ ಹಿಡಿದ. ಆ ಬೆರಳುಗಳು ಸರಿಯಾದ ಅಳತೆಯನ್ನೇ ಹಿಡಿದಿದ್ದವು, ನಾನು ಕಣ್ಣಾರೆ ಕಂಡೆ. ಸರದಿ ಬಂದಾಗ ಬೆರಳು ಮಡಚಿ, ಕೇಳಿಸಿದರೂ ಕೇಳಿಸದ ಹಾಗೆ ‘ಎರಡು’ ಎಂದ.

ಆಮೇಲೆ ನಿಜ ಸಂಗತಿ ತಿಳಿಸಿದಾಗ ಅವನು ನಗಲಿಲ್ಲ. “ಗೆರಿ ನನಗ ಸರಿಯಾಗೇ ಕಂಡಿತ್ತು ಸರ್. ಬ್ಯಾರೆ ಹೇಳಿದ್ರ ಎಲ್ಲಾರೂ ನನ್ನ ಕಡೆ ತಿರುಗಿ ನೋಡ್ತಿದ್ರಲ್ಲ” ಎಂದ. ಅವನಿಗೆ ಭಯವಿದ್ದದ್ದು ಅಷ್ಟೇ, ತಿರುಗಿ ನೋಡುವ ಏಳು ಮುಖಗಳದ್ದು.

ಮರುವಾರ ಇನ್ನೊಂದು ವರ್ಗದ ಹುಡುಗಿಯನ್ನು ಕೂರಿಸಿದೆ. ಈ ಸಲ ಏಳರಲ್ಲಿ ಒಬ್ಬನಿಗೆ ಮಾತ್ರ ಸರಿಯಾದ ಉತ್ತರ ಹೇಳಲು ಸೂಚಿಸಿದ್ದೆ. ಆರಿಸಿದ್ದು ಯಾರನ್ನು? ಮೂರು ವಿಷಯಗಳಲ್ಲಿ ಫೇಲಾಗಿ, ಹಿಂದಿನ ಬೆಂಚಿನಲ್ಲಿ ನಿದ್ದೆ ಮಾಡುತ್ತಿದ್ದ ಮಹಾರಾಯನನ್ನು. ಅವನು ಆಕಳಿಸುತ್ತಲೇ ‘ಒಂದು’ ಎಂದ. ಅಷ್ಟರವರೆಗೆ ಸೆರಗಿನ ತುದಿ ಸುತ್ತುತ್ತಿದ್ದ ಆ ಹುಡುಗಿ ನೆಟ್ಟಗೆ ಕುಳಿತು, ಅವನಿಗಿಂತ ಎರಡು ಪಟ್ಟು ದೊಡ್ಡ ದನಿಯಲ್ಲಿ ‘ಒಂದು’ ಎಂದಳು. ಕಿಟಕಿಯ ಹೊರಗೆ ನಿಂತು ನೋಡುತ್ತಿದ್ದ ಬಡಿಗರ ಹುಡುಗನಿಗೆ ಸಿಟ್ಟೇ ಬಂದಿತು. “ಅಂವನ್ನ ನನಗ್ಯಾಕ ಕೊಡಲಿಲ್ಲ ಸರ್?” ಎಂದು ನನ್ನನ್ನು ತರಾಟೆಗೆ ತೆಗೆದುಕೊಂಡ.

ಆಶ್ ಅವರು ಕಂಡದ್ದೂ ಇದನ್ನೇ. ಜೊತೆಗೆ ಒಬ್ಬರು ಸಿಕ್ಕರೆ ಗುಂಪಿಗೆ ಶರಣಾಗುವುದು ಸುಮಾರು ಕಾಲು ಭಾಗಕ್ಕೆ ಇಳಿಯಿತು. 1971ರಲ್ಲಿ ಬೇರೆ ಸಂಶೋಧಕರು ದಪ್ಪ ಗಾಜಿನ ಕನ್ನಡಕದವನನ್ನು, ಕಣ್ಣು ಸರಿಯಾಗಿ ಕಾಣದವನೆಂದು ಎಲ್ಲರಿಗೂ ತಿಳಿಯುವ ಹಾಗೆ, ಜೊತೆಗಾರನನ್ನಾಗಿ ಕೂರಿಸಿ ನೋಡಿದರು. ಅವನಿಂದಲೂ ಮನುಷ್ಯನಿಗೆ ಬಲ ಬಂದಿತು. ಎರಡನೆಯವರು ಪಂಡಿತರಾಗಿರಬೇಕಿಲ್ಲ, ಶೂರರಾಗಿರಬೇಕಿಲ್ಲ. ಅಲ್ಲಿ ಇರಬೇಕು, ಬಾಯಿ ಬಿಡಬೇಕು.

ಈ ಕಥೆಯೇ ನನ್ನ ಸಮಯದ ಬಹುಪಾಲನ್ನು ನುಂಗಿತು; ಆದ್ದರಿಂದ ನಮ್ಮ ನೆಲದ ಇಬ್ಬರನ್ನು ಬೇಗ ಬೇಗ ನೆನೆಯುತ್ತೇನೆ. ಇಂದಿನ ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದಲ್ಲಿ 1819ರಲ್ಲಿ ಹುಟ್ಟಿದ ಶರೀಫರನ್ನು ಈಗ ಎಲ್ಲರೂ ತಮ್ಮವರೆನ್ನುತ್ತಾರೆ, ಆದರೆ ಅಂದು ಮುಸಲ್ಮಾನ ಶಿಷ್ಯ, ಬ್ರಾಹ್ಮಣ ಗುರು ಎಂದು ಎರಡೂ ಕಡೆಯ ಮಂದಿ ಮುನಿದಿದ್ದರು. ಆಗ ಕಳಸದ ಗೋವಿಂದಭಟ್ಟರು ಶಿಷ್ಯನ ಕೈ ಬಿಡಲಿಲ್ಲ. ಗಂಗೂಬಾಯಿ ಹಾನಗಲ್ಲರು ಹಾಡುವ ಹೆಣ್ಣೆಂಬ ಹಂಗಿನ ಮಾತುಗಳನ್ನು ಧಾರವಾಡದ ಬೀದಿಯಲ್ಲೇ ಕೇಳಿಕೊಂಡು ಬೆಳೆದವರು. ಮಗಳ ಹಿಂದುಸ್ತಾನಿ ಕಲಿಕೆಗೆ ಅಡ್ಡಿಯಾಗದಿರಲೆಂದು ತಾಯಿ ಅಂಬಾಬಾಯಿ ತಮ್ಮ ಕರ್ನಾಟಕ ಸಂಗೀತವನ್ನೇ ಬದಿಗಿಟ್ಟರು. ಮಗಳು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಸವಾಯಿ ಗಂಧರ್ವರ ಬಳಿ ಹೋಗಿ ಕಲಿತರು. ನಾವು ಜಯಂತಿಗಳಲ್ಲಿ ಹಾರ ಹಾಕುವುದು ಶರೀಫರಿಗೆ, ಗಂಗೂಬಾಯಿಯವರಿಗೆ. ಹಾಕೋಣ, ತಪ್ಪಲ್ಲ. ಭಟ್ಟರನ್ನೂ ಅಂಬಾಬಾಯಿಯವರನ್ನೂ ಎಷ್ಟು ಮಂದಿ ನೆನೆಯುತ್ತೇವೆ?

ನನಗೆ ತಾಳ್ಮೆ ತಪ್ಪುವುದು ಒಂದು ಬಗೆಯ ಸಜ್ಜನರ ವಿಷಯದಲ್ಲಿ. ಸಭೆಯಲ್ಲಿ ಒಬ್ಬರು ಎದ್ದು ‘ಇದು ಸರಿಯಲ್ಲ’ ಎಂದಾಗ ಇವರು ನೆಲ ನೋಡುತ್ತಾರೆ. ಸಭೆ ಮುಗಿದ ಮೇಲೆ ಚಹಾದಂಗಡಿಯಲ್ಲಿ ಭುಜ ತಟ್ಟಿ, “ನೀವು ಅಂದದ್ದು ಖರೇ ಐತ್ರಿ” ಎನ್ನುತ್ತಾರೆ. ಮಾನ್ಯರೇ, ಚಹಾದಂಗಡಿಯ ಖರೇ ಯಾರಿಗೆ ಬೇಕು? ಆ ನಾಲ್ಕು ಶಬ್ದಗಳನ್ನು ಅಲ್ಲೇ ಒಳಗೆ ಹೇಳಿದ್ದರೆ ಆ ಮನುಷ್ಯನಿಗೆ ರಾತ್ರಿ ನಿದ್ದೆಯಾದರೂ ಬರುತ್ತಿತ್ತು.

ಹೀಗೆ ಗದರಿಸುವ ಹಕ್ಕು ನನಗೆ ಇದೆಯೇ ಎಂದು ನೀವು ಕೇಳಬಹುದು. ಒಮ್ಮೆ ಅಧ್ಯಾಪಕರ ಸಭೆಯಲ್ಲಿ, ಆಗ ತಾನೇ ಕೆಲಸಕ್ಕೆ ಸೇರಿದ್ದ ತರುಣಿಯೊಬ್ಬರು ಒಬ್ಬ ವಿದ್ಯಾರ್ಥಿನಿಗೆ ಆದ ಅನ್ಯಾಯದ ಬಗ್ಗೆ ಎದ್ದು ಮಾತನಾಡಿದರು. ಎಲ್ಲರೂ ಸುಮ್ಮನಿದ್ದರು. ಆಶ್ ಅವರ ಪ್ರಯೋಗವನ್ನು ವರ್ಷಗಟ್ಟಲೆ ಪಾಠ ಮಾಡಿದ್ದ ನಾನೂ ಸುಮ್ಮನಿದ್ದೆ. ಸಭೆ ಮುಗಿದ ಮೇಲೆ ಮೆಟ್ಟಿಲ ಬಳಿ ಅವರನ್ನು ತಡೆದು, ನೀವು ಹೇಳಿದ್ದು ಸರಿಯಾಗಿತ್ತು ಎಂದೆ. ಅವರು ಹಾಜರಿ ಪುಸ್ತಕವನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡು, “ಅಲ್ಲೇ ಹೇಳಬೇಕಿತ್ತಲ್ಲ ಸರ್” ಎಂದು ಪಾಠಕ್ಕೆ ಹೊರಟುಹೋದರು.

ನಮಸ್ಕಾರ.