ಕಿವಿಗೊಟ್ಟು ಕಲಿತ ಸಾಂಬಾ

ಎಲ್ಲರಿಗೂ ನಮಸ್ಕಾರ.

ಈಗ ಯಾವ ಕಚೇರಿಗೆ ಹೋದರೂ ಎಲ್ಲ ಥರದ ಕಂಪ್ಯೂಟರ್‌ಗಳೂ ಕಾಣುತ್ತವೆ. ಲೆಕ್ಕ ಬರೆಯುವವರ ಮೇಜಿನ ಮೇಲೆ ವಿಂಡೋಸ್, ಡಿಸೈನ್ ಮಾಡುವವರ ಬಳಿ ಮ್ಯಾಕ್, ಮೂಲೆಯಲ್ಲಿ ಒಂದು ಲಿನಕ್ಸ್ ಸರ್ವರ್. ಎಲ್ಲರೂ ಒಂದೇ ಫೋಲ್ಡರ್ ತೆರೆಯುತ್ತಾರೆ. ಒಂದೇ ಪ್ರಿಂಟರ್‌ಗೆ ಕೆಲಸ ಕಳಿಸುತ್ತಾರೆ. ಇದೆಲ್ಲ ತಾನಾಗಿಯೇ ಆಗುತ್ತದೆ ಅಂತ ನಾವು ಅಂದುಕೊಂಡುಬಿಟ್ಟಿದ್ದೇವೆ, ಅಲ್ವಾ? ಅದರ ಹಿಂದೆ ಹಲವು ವರ್ಷಗಳ ದುಡಿಮೆ ಇದೆ, ಒಂದು ದೊಡ್ಡ ಕೋರ್ಟ್ ಕೇಸೂ ಇದೆ. ಆ ದುಡಿಮೆಯ ಹೆಸರು ಸಾಂಬಾ, ಲಿನಕ್ಸ್ ಯಂತ್ರ ವಿಂಡೋಸ್ ಜೊತೆ ಫೈಲ್, ಪ್ರಿಂಟರ್ ಹಂಚಿಕೊಳ್ಳುವಂತೆ ಮಾಡುವ ಮುಕ್ತ ತಂತ್ರಾಂಶ.

ಮುಕ್ತ ತಂತ್ರಾಂಶದ ಮಾತು ಬಂದಾಗ ನಾವು ಜಾಸ್ತಿ ಹೇಳುವುದು ಕೋಡ್ ಬಗ್ಗೆ. ಕೋಡ್ ಓದಬಹುದು, ತಿದ್ದಬಹುದು, ಹಂಚಬಹುದು ಅಂತ. ಆದರೆ ಎರಡು ಯಂತ್ರಗಳು ಒಂದಕ್ಕೊಂದು ಆಡುವ ಮಾತು ಯಾರ ಸ್ವತ್ತು? ಅದು ಗುಟ್ಟಾಗಿಯೇ ಉಳಿದರೆ, ನಿಮ್ಮ ಕೈಯಲ್ಲಿ ಎಷ್ಟು ಒಳ್ಳೆಯ ಮುಕ್ತ ಕೋಡ್ ಇದ್ದರೂ ಪಕ್ಕದ ಮೇಜಿನ ಯಂತ್ರದ ಜೊತೆ ಅದು ಮೂಗನಾಗಿಯೇ ಇರುತ್ತದೆ. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಇಷ್ಟೇ. ಉಳಿದದ್ದೆಲ್ಲ ಇದಕ್ಕೆ ಸಾಕ್ಷಿ.

ಮುಕ್ತ ತಂತ್ರಾಂಶ ಚಳವಳಿ ಶುರು ಮಾಡಿದ ರಿಚರ್ಡ್ ಸ್ಟಾಲ್ಮನ್ ಅವರ ಪ್ರಿಂಟರ್ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಎಂಐಟಿಯ ಲ್ಯಾಬಿಗೆ ಝೆರಾಕ್ಸ್ ಕಂಪನಿಯ ಹೊಸ ಲೇಸರ್ ಪ್ರಿಂಟರ್ ಬಂತು. ಹಳೆಯ ಪ್ರಿಂಟರ್‌ನಲ್ಲಿ ಕಾಗದ ಸಿಕ್ಕಿಕೊಂಡರೆ ಕಾಯುತ್ತಿರುವವರಿಗೆ ಸುದ್ದಿ ಹೋಗುವ ಹಾಗೆ ಅವರು ಕೋಡ್ ತಿದ್ದಿದ್ದರು. ಹೊಸದಕ್ಕೂ ಹಾಗೇ ಮಾಡೋಣ ಅಂದರೆ ಮೂಲ ಕೋಡ್ ಸಿಗಲಿಲ್ಲ. ಆ ಕೋಡ್ ಇದ್ದವರನ್ನು ಹುಡುಕಿಕೊಂಡು ಹೋಗಿ ಕೇಳಿದರೂ ಕೊಡಲಿಲ್ಲ. ಮುಂದೆ 1983ರ ಸೆಪ್ಟೆಂಬರ್‌ನಲ್ಲಿ ಅವರು ಮುಕ್ತ ತಂತ್ರಾಂಶವನ್ನೇ ಕಟ್ಟುವ ಗ್ನು ಯೋಜನೆ ಘೋಷಿಸಿದರು. ಅದೇ 1983ರ ಸುಮಾರಿಗೆ ಐಬಿಎಂನ ಬ್ಯಾರಿ ಫೈಗನ್‌ಬಾಮ್ ಒಂದು ಪ್ರೋಟೋಕಾಲ್, ಅಂದರೆ ಯಂತ್ರಗಳು ಆಡುವ ಮಾತಿನ ನಿಯಮ, ರೂಪಿಸಿದರು. ವಿಂಡೋಸ್‌ಗೂ ಮೊದಲಿನ ಡಾಸ್ ಯಂತ್ರ ತನ್ನದೇ ಡಿಸ್ಕಿನಲ್ಲಿರುವ ಫೈಲನ್ನು ತೆರೆದಷ್ಟೇ ಸಲೀಸಾಗಿ ನೆಟ್‌ವರ್ಕಿನ ಆಚೆ ಇರುವ ಫೈಲನ್ನೂ ತೆರೆಯಬೇಕು ಅನ್ನುವುದು ಅದರ ಉದ್ದೇಶ. ಅದೇ ಎಸ್‌ಎಂಬಿ. ಆಮೇಲೆ ಮೈಕ್ರೋಸಾಫ್ಟ್ ಅದನ್ನು ತೆಗೆದುಕೊಂಡು ಬೆಳೆಸಿತು, ಬದಲಿಸಿತು. ವಿಂಡೋಸ್ ಎಲ್ಲ ಕಡೆ ಹರಡಿದ ಹಾಗೆ ಎಸ್‌ಎಂಬಿಯೂ ಹರಡಿತು. ಅದರ ಪೂರ್ತಿ ವಿವರ ಮಾತ್ರ ಹೊರಗಿನವರಿಗೆ ಸಿಗುತ್ತಿರಲಿಲ್ಲ.

ಈಗ ಆಸ್ಟ್ರೇಲಿಯಾಕ್ಕೆ ಬನ್ನಿ. ಕ್ಯಾನ್ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿ, 1991ರ ಕೊನೆ. ಆಂಡ್ರ್ಯೂ ಟ್ರಿಡ್ಜೆಲ್ ಅಲ್ಲಿ ಪಿಎಚ್‌ಡಿ ವಿದ್ಯಾರ್ಥಿ. ಅವರ ಪಿಸಿಯಲ್ಲಿ ಡಿಜಿಟಲ್ ಅನ್ನುವ ಹೆಸರಿನ ಕಂಪನಿಯ ಪಾತ್‌ವರ್ಕ್ಸ್ ತಂತ್ರಾಂಶ ಇತ್ತು. ಅದು ಡಿಜಿಟಲ್‌ನ ಸರ್ವರ್‌ಗಳ ಜೊತೆ ಮಾತ್ರ ಮಾತಾಡುತ್ತಿತ್ತು. ಇವರಿಗೆ ಬೇಕಾದ ಫೈಲ್‌ಗಳು ಸನ್ ಅನ್ನುವ ಬೇರೆ ಕಂಪನಿಯ ಯಂತ್ರದಲ್ಲಿದ್ದವು. ಸರಿ, ಪಿಸಿಯಿಂದ ಸರ್ವರ್‌ಗೆ ಏನು ಹೋಗುತ್ತದೆ, ಏನು ವಾಪಸ್ ಬರುತ್ತದೆ ಅಂತ ತಂತಿಯ ಮೇಲೆ ಹರಿಯುವ ಮಾಹಿತಿಯ ತುಣುಕುಗಳನ್ನು, ಅಂದರೆ ಪ್ಯಾಕೆಟ್‌ಗಳನ್ನು, ನೋಡುತ್ತಾ ಕೂತರು. ಅದೇ ಥರ ಉತ್ತರ ಕೊಡುವ ಒಂದು ಸಣ್ಣ ಪ್ರೋಗ್ರಾಂ ಬರೆದು 1992ರ ಜನವರಿಯಲ್ಲಿ ಹಂಚಿದರು. ತಾವು ಕಲಿತದ್ದು ಮೈಕ್ರೋಸಾಫ್ಟ್ ಕೂಡ ಬಳಸುವ ಎಸ್‌ಎಂಬಿ ಅನ್ನುವುದು ಆಗ ಅವರಿಗೇ ಗೊತ್ತಿರಲಿಲ್ಲ! ಸುಮಾರು ಎರಡು ವರ್ಷ ಆ ಕೋಡ್ ಸುಮ್ನೆ ಬಿದ್ದಿತ್ತು. ಹೆಂಡತಿಯ ವಿಂಡೋಸ್ ಪಿಸಿಯನ್ನು ತಮ್ಮ ಲಿನಕ್ಸ್ ಯಂತ್ರಕ್ಕೆ ಜೋಡಿಸಬೇಕಾಗಿ ಬಂದಾಗ ಅದನ್ನು ಮತ್ತೆ ಹೊರತೆಗೆದರು. ಅಲ್ಲಿಂದ ಕೆಲಸ ಓಡತೊಡಗಿತು. ಜೆರೆಮಿ ಆಲಿಸನ್ ಮತ್ತಿತರರು ಕೈ ಜೋಡಿಸಿದರು. ಮೊದಲು ಇಟ್ಟ ಹೆಸರಿನ ಬಗ್ಗೆ ಇನ್ನೊಂದು ಕಂಪನಿ ತಕರಾರು ಎತ್ತಿತು. ಎಸ್, ಎಂ, ಬಿ ಮೂರೂ ಅಕ್ಷರ ಇರುವ ಪದಗಳನ್ನು ಕಂಪ್ಯೂಟರಿನ ಪದಪಟ್ಟಿಯಲ್ಲಿ ಹುಡುಕಿ ಸಾಂಬಾ ಅಂತ ಆರಿಸಿಕೊಂಡರು.

ಗೊತ್ತಿಲ್ಲದ ಪ್ರೋಟೋಕಾಲನ್ನು ಹೇಗೆ ಕಲಿಯುವುದು? ಟ್ರಿಡ್ಜೆಲ್ ಇದಕ್ಕೆ ಫ್ರೆಂಚ್ ಕೆಫೆ ವಿಧಾನ ಅಂತ ಹೆಸರಿಟ್ಟರು. ನಿಮಗೆ ಫ್ರೆಂಚ್ ಬರುವುದಿಲ್ಲ, ಕಲಿಸುವ ಪುಸ್ತಕವೂ ಇಲ್ಲ. ಫ್ರಾನ್ಸಿಗೆ ಹೋಗಿ ಒಂದು ಕೆಫೆಯಲ್ಲಿ ಕೂತುಕೊಳ್ಳಿ. ಗಿರಾಕಿ ಏನು ಹೇಳಿದ, ಮಾಣಿ ಏನು ತಂದಿಟ್ಟ ಅಂತ ಬರೆದುಕೊಳ್ಳುತ್ತಾ ಹೋಗಿ. ಕೆಲವು ದಿನಕ್ಕೆ ಬ್ರೆಡ್ಡಿಗೆ ಏನಂತಾರೆ, ಕಾಫಿಗೆ ಏನಂತಾರೆ ಅಂತ ಗೊತ್ತಾಗುತ್ತದೆ. ಆದರೆ ಯಾರೂ ಕೇಳದ ತಿಂಡಿಯ ಹೆಸರು ಹೀಗೆ ಕೂತರೆ ಎಂದೂ ತಿಳಿಯುವುದಿಲ್ಲ. ಅದಕ್ಕೆ ಸಾಂಬಾದವರು ಇನ್ನೊಂದು ದಾರಿ ಹಿಡಿದರು. ಕೋರಿಕೆಗಳಿಗೆ ಇರಬಹುದಾದ ಸಂಖ್ಯೆಗಳನ್ನೆಲ್ಲ ಒಂದೊಂದಾಗಿ ವಿಂಡೋಸ್ ಸರ್ವರ್‌ಗೆ ಕಳಿಸುವ ಪ್ರೋಗ್ರಾಂ ಬರೆದರು. ಸಾಮಾನ್ಯವಾಗಿ ಬರುವ ಎರರ್ ಬಿಟ್ಟು ಬೇರೆ ಎರರ್ ಬಂತು ಅಂದರೆ, ಅಲ್ಲಿ ಏನೋ ಇದೆ ಅಂತ ಅರ್ಥ! ಮೈಕ್ರೋಸಾಫ್ಟ್‌ನ ಕೋಡನ್ನು ನೋಡದೆ, ತಂತಿಯ ಮೇಲೆ ಹರಿಯುವುದನ್ನಷ್ಟೇ ನೋಡಿ ಕಟ್ಟಿದ ಕೆಲಸ ಇದು. ಕೋರ್ಟಿನಲ್ಲೂ ನಿಲ್ಲುವಂಥ ಶುದ್ಧ ಕೆಲಸ.

ಮಾತು ಕಲಿತರೆ ಅರ್ಧ ಕೆಲಸ ಮಾತ್ರ ಮುಗಿಯಿತು. ವಿಂಡೋಸ್‌ಗೂ ಲಿನಕ್ಸ್‌ಗೂ ಫೈಲ್ ಅಂದರೆ ಏನು ಅನ್ನುವುದರಲ್ಲೇ ಹೊಂದಾಣಿಕೆ ಇಲ್ಲ. ನನಗೆ ಸಾಂಬಾದಲ್ಲಿ ತುಂಬಾ ಇಷ್ಟವಾಗುವ ಭಾಗ ಇದೇ, ಹಾಗಾಗಿ ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ.

ವಿಂಡೋಸ್ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರಗಳನ್ನು ಬೇರೆ ಬೇರೆ ಅಂತ ಎಣಿಸುವುದಿಲ್ಲ. ಲಿನಕ್ಸ್ ಎಣಿಸುತ್ತದೆ. ವಿಂಡೋಸ್‌ನಿಂದ ಒಂದು ಹೆಸರು ಬಂದಾಗ ಸಾಂಬಾಕ್ಕೆ ಹಾಗೇ ಸಿಗಲಿಲ್ಲ ಅಂದರೆ, ಇಡೀ ಫೋಲ್ಡರನ್ನು ಜಾಲಾಡಿ ಬೇರೆ ರೂಪದಲ್ಲಿ ಇದೆಯಾ ಅಂತ ನೋಡಬೇಕು. ಆ ಫೈಲ್ ಇಲ್ಲ ಅಂತ ಖಚಿತವಾಗಿ ಹೇಳಬೇಕಾದರೆ ಪಟ್ಟಿಯನ್ನು ಕೊನೆಯವರೆಗೂ ಓದಲೇಬೇಕು. ಲಕ್ಷ ಫೈಲ್ ಇರುವ ಫೋಲ್ಡರ್‌ನಲ್ಲಿ ಕೆಲಸ ಯಾಕೆ ಕುಂಟುತ್ತದೆ ಅಂತ ಈಗ ಗೊತ್ತಾಯಿತಲ್ಲ.

ಇನ್ನೊಂದು ತಮಾಷೆ ಕೇಳಿ. ವಿಂಡೋಸ್‌ನಲ್ಲಿ ಫೈಲಿಗೆ ಆರ್ಕೈವ್ ಅನ್ನುವ ಗುರುತು ಇದೆ. ಈ ಫೈಲ್ ಬದಲಾಗಿದೆ, ಬ್ಯಾಕಪ್ ತೆಗೆದುಕೋ ಅಂತ ಅದರ ಅರ್ಥ. ಲಿನಕ್ಸ್‌ನಲ್ಲಿ ಅಂಥದ್ದಿಲ್ಲ. ಹಳೆಯ ಸಾಂಬಾ ಅದನ್ನು ಎಲ್ಲಿಟ್ಟಿತು ಗೊತ್ತಾ? ಫೈಲನ್ನು ಪ್ರೋಗ್ರಾಂ ಥರ ಓಡಿಸಬಹುದು ಅನ್ನುವ ಲಿನಕ್ಸ್ ಗುರುತಿನಲ್ಲಿ. ವಿಂಡೋಸ್‌ನಿಂದ ಸೇವ್ ಮಾಡಿದ ಸಾದಾ ಪತ್ರ ಲಿನಕ್ಸ್ ಕಡೆಯಿಂದ ನೋಡಿದರೆ ಪ್ರೋಗ್ರಾಂ ಥರ ಕಾಣುತ್ತಿತ್ತು. ಈಗ ಇಂಥ ಗುರುತುಗಳು ಫೈಲಿನ ಜೊತೆಗೇ ಬೇರೆ ಚೀಟಿಯಲ್ಲಿ ಉಳಿಯುತ್ತವೆ.

ಕನ್ನಡದ ಹೆಸರುಗಳ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಡಾಸ್ ಕಾಲದ ಕೋಡ್‌ಪೇಜ್‌ಗಳಲ್ಲಿ, ಅಂದರೆ ಅಕ್ಷರಗಳ ಸಂಕೇತಪಟ್ಟಿಗಳಲ್ಲಿ, ಕನ್ನಡಕ್ಕೆ ಜಾಗವೇ ಇರಲಿಲ್ಲ. ಸಾಂಬಾ 3.0 ಬಂದದ್ದು 2003ರಲ್ಲಿ. ತಂತಿಯ ಮೇಲೆ ಎಲ್ಲ ಲಿಪಿಗೂ ಜಾಗ ಇರುವ ಯೂನಿಕೋಡ್‌ನಲ್ಲೇ ಹೆಸರು ಕಳಿಸುವುದು ಆಗಿನಿಂದ ಸಾಧ್ಯವಾಯಿತು. ಈಗ ನಿಮ್ಮ ಫೋಲ್ಡರ್‌ಗೆ ಕನ್ನಡದಲ್ಲೇ ಹೆಸರಿಡಿ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರೂ ಕಡೆ ಸರಿಯಾಗಿ ಕಾಣುತ್ತದೆ. ಒಂದು ಅನುಕೂಲವೂ ಇದೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರದ ರಗಳೆಯೇ ಇಲ್ಲ.

ಆದರೆ ಉದ್ದದ ರಗಳೆ ಇದೆ. ವಿಂಡೋಸ್ ಒಂದು ಹೆಸರಿಗೆ 255 ಯೂನಿಕೋಡ್ ಘಟಕ ಬಿಡುತ್ತದೆ. ಲಿನಕ್ಸ್‌ನ ಸಾಮಾನ್ಯ ಫೈಲ್‌ಸಿಸ್ಟಂಗಳು (ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ವ್ಯವಸ್ಥೆಗಳು) ಬಿಡುವುದು 255 ಬೈಟ್. ಲಿನಕ್ಸ್ ಬಳಸುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. 'ಸ್ತ್ರೀ' ಅನ್ನುವುದು ಕಣ್ಣಿಗೆ ಒಂದೇ ಅಕ್ಷರ, ಒಳಗೆ 6 ಸಂಕೇತ, ಅಂದರೆ 18 ಬೈಟ್. 'ಗ್ರಾಮ ಪಂಚಾಯಿತಿ ಕುಡಿಯುವ ನೀರು ಸರಬರಾಜು ಕಾಮಗಾರಿ ಅಂದಾಜು ಪಟ್ಟಿ ಪರಿಷ್ಕೃತ' ಅಂತ ಒಂದು ಫೈಲ್ ಇದೆ ಅಂದುಕೊಳ್ಳಿ. ಒಂಬತ್ತೇ ಪದ, ಅಷ್ಟಕ್ಕೇ 179 ಬೈಟ್ ಮುಗಿಯಿತು. ನಮ್ಮ ಕಚೇರಿಗಳಲ್ಲಿ ಇದಕ್ಕೆ ದಿನಾಂಕ, ಊರು, 'ಅಂತಿಮ', 'ಅಂತಿಮ ಹೊಸದು' ಎಲ್ಲ ಸೇರಿಸುವವರು ಇದ್ದಾರೆ. ವಿಂಡೋಸ್‌ನಲ್ಲಿ ಚೆನ್ನಾಗಿಯೇ ಇದ್ದ ಫೈಲ್ ಸರ್ವರ್‌ಗೆ ಹಾಕುವಾಗ ಹೆಸರು ಉದ್ದ ಅಂತ ತಿರಸ್ಕಾರವಾದರೆ ಸಾಂಬಾವನ್ನು ಬೈಯಬೇಡಿ. ಹೆಸರು ಚಿಕ್ಕದು ಮಾಡಿ.

ಮ್ಯಾಕ್ ಇರುವವರಿಗೆ ಇನ್ನೂ ಒಂದು ತೊಡಕು. ಅದರ ಹಳೆಯ ಫೈಲ್‌ಸಿಸ್ಟಂ ಹೆಸರುಗಳನ್ನು ಬಿಡಿಸಿ ಇಡುತ್ತಿತ್ತು. 'ಕೋ' ಅನ್ನುವುದರ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡಾಗಿಯೂ ಬರೆಯಬಹುದು. ಹಾಗಾಗಿ ಅಲ್ಲಿಂದ ನಕಲು ಮಾಡಿದ ಮೇಲೆ ಒಂದೇ ಹೆಸರಿನ ಎರಡು ಫೈಲ್ ಲಿನಕ್ಸ್‌ನಲ್ಲಿ ಅಕ್ಕಪಕ್ಕ ಕಾಣಿಸಬಹುದು. ಫೈಲ್ ನಕಲಿಸುವ ಆರ್‌ಸಿಂಕ್ ತಂತ್ರಾಂಶ ಬಳಸುವವರು ಹೆಸರಿನ ರೂಪ ಬದಲಿಸುವ ಅದರ ಐಕಾನ್ವ್ ಆಯ್ಕೆ ನೋಡಿ. ಅಂದಹಾಗೆ ಆರ್‌ಸಿಂಕ್ ಕೂಡ ಟ್ರಿಡ್ಜೆಲ್ ಅವರದೇ, ಪಾಲ್ ಮೆಕರಸ್ ಜೊತೆ 1996ರಲ್ಲಿ ಬಂದದ್ದು.

ಇನ್ನು ಕೋರ್ಟಿನ ಕಥೆ. ಫೈಲ್ ಹಂಚುವುದನ್ನು ಕೇಳಿ ಕೇಳಿ ಕಲಿಯಬಹುದು. ಆದರೆ ವಿಂಡೋಸ್ 2000ದ ಜೊತೆ ಬಂದ ಆಕ್ಟಿವ್ ಡೈರೆಕ್ಟರಿ, ಅಂದರೆ ಇಡೀ ಸಂಸ್ಥೆಯ ಬಳಕೆದಾರರು, ಪಾಸ್‌ವರ್ಡ್, ಹಕ್ಕು ಎಲ್ಲವನ್ನೂ ಒಂದು ಕಡೆ ಇಡುವ ವ್ಯವಸ್ಥೆ, ಅದು ಬಹಳ ದೊಡ್ಡದು. ಅದರ ಮಾತೂ ಗುಟ್ಟು. ಸನ್ ಕಂಪನಿಯ ದೂರಿನಿಂದ ಶುರುವಾದ ಪ್ರಕರಣದಲ್ಲಿ ಯುರೋಪಿನ ಒಕ್ಕೂಟದ ಆಡಳಿತ ಸಂಸ್ಥೆಯಾದ ಯುರೋಪಿಯನ್ ಕಮಿಷನ್ 2004ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್‌ಗೆ 49.7 ಕೋಟಿ ಯೂರೋ ದಂಡ ಹಾಕಿತು. ಸರ್ವರ್‌ಗಳ ನಡುವಿನ ಪ್ರೋಟೋಕಾಲ್ ವಿವರವನ್ನು ಬೇರೆಯವರಿಗೂ ಕೊಡಬೇಕು ಅಂತ ಹೇಳಿತು. ಮೈಕ್ರೋಸಾಫ್ಟ್ ಮೇಲ್ಮನವಿ ಹಾಕಿತು. ಕೆಲವು ದೊಡ್ಡ ಕಂಪನಿಗಳು ರಾಜಿ ಮಾಡಿಕೊಂಡು ದೂರ ಸರಿದವು. ಸಾಂಬಾದವರು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಯುರೋಪ್ ಜೊತೆ ಕೊನೆಯವರೆಗೂ ನಿಂತರು. 2007ರ ಸೆಪ್ಟೆಂಬರ್ 17ರಂದು ಲಕ್ಸೆಂಬರ್ಗ್‌ನ ನ್ಯಾಯಾಲಯ ಆ ಭಾಗದಲ್ಲಿ ಕಮಿಷನ್ ಹೇಳಿದ್ದೇ ಸರಿ ಅಂದಿತು.

ಆಮೇಲೆ ಆದದ್ದು ನೋಡಿ. ಅದೇ ವರ್ಷ ಡಿಸೆಂಬರ್‌ನಲ್ಲಿ ಒಂದು ಒಪ್ಪಂದವಾಯಿತು. ಒಂದೇ ಸಲ 10,000 ಯೂರೋ ಕಟ್ಟಿ ಮುಕ್ತ ತಂತ್ರಾಂಶ ಬರೆಯುವವರು ಆ ದಾಖಲೆಗಳನ್ನು ಓದುವ ಹಕ್ಕು ಪಡೆದರು. ದಾಖಲೆ ಗುಟ್ಟಾಗಿರಬೇಕು, ಆದರೆ ಓದಿ ಬರೆದ ಕೋಡನ್ನು ಎಲ್ಲರಿಗೂ ಹಂಚಬಹುದು. ಕೆಲವೇ ತಿಂಗಳಲ್ಲಿ, 2008ರ ಫೆಬ್ರುವರಿಯಲ್ಲಿ, ಮೈಕ್ರೋಸಾಫ್ಟೇ ಸಾವಿರಾರು ಪುಟಗಳ ಪ್ರೋಟೋಕಾಲ್ ದಾಖಲೆಗಳನ್ನು ಎಲ್ಲರೂ ಓದುವಂತೆ ಇಂಟರ್ನೆಟ್ಟಿಗೆ ಹಾಕಿತು. 2011ರಲ್ಲಿ ಅದರ ಎಂಜಿನಿಯರ್‌ಗಳೇ ಸಾಂಬಾಕ್ಕೆ ಕೋಡ್ ಕೊಟ್ಟರು. ಆಕ್ಟಿವ್ ಡೈರೆಕ್ಟರಿ ಸರ್ವರ್ ಆಗಿ ನಿಲ್ಲಬಲ್ಲ ಸಾಂಬಾ 4.0 ಬಿಡುಗಡೆಯಾದದ್ದು 2012ರ ಡಿಸೆಂಬರ್‌ನಲ್ಲಿ. ಮೈಕ್ರೋಸಾಫ್ಟ್ ಮನಸ್ಸು ಬದಲಾಯಿಸಿತು ಅಂತ ಹೇಳುವವರಿದ್ದಾರೆ. ಇರಬಹುದು. ಆದರೆ ಆ ತೀರ್ಪು ಬರದೆ ಇದ್ದಿದ್ದರೆ ಮನಸ್ಸು ಅಷ್ಟು ಬೇಗ ಬದಲಾಗುತ್ತಿತ್ತು ಅಂತ ನಾನು ನಂಬುವುದಿಲ್ಲ.

ಪ್ರಿಂಟರ್ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ಅಲ್ಲಿ ಸಾಂಬಾದ ಪಾತ್ರ ಕಡಿಮೆಯಾಗುತ್ತಿದೆ. ವಿಂಡೋಸ್‌ನಿಂದ ಬಂದ ಕೆಲಸವನ್ನು ಸಾಂಬಾ ಕಪ್ಸ್‌ಗೆ ಒಪ್ಪಿಸುತ್ತದೆ. ಕಪ್ಸ್ ಅಂದರೆ ಮೈಕಲ್ ಸ್ವೀಟ್ ಶುರು ಮಾಡಿದ, 1999ರಲ್ಲಿ ಬಂದ ಮುದ್ರಣ ವ್ಯವಸ್ಥೆ. ಆಪಲ್ ಅದನ್ನು ಮ್ಯಾಕ್‌ಗೆ ಅಳವಡಿಸಿಕೊಂಡಿತು, 2007ರಲ್ಲಿ ಕೊಂಡೂಕೊಂಡಿತು. ಕಪ್ಸ್ ಆಡುವ ಐಪಿಪಿ ಮೊದಲಿನಿಂದಲೂ ಬಹಿರಂಗ ಪ್ರೋಟೋಕಾಲ್. ಈಗಿನ ಬಹುಪಾಲು ಹೊಸ ಪ್ರಿಂಟರ್‌ಗಳು ತಾವೇ ಅದನ್ನು ಆಡುತ್ತವೆ. ಡ್ರೈವರ್ ಸಿಡಿ ಹುಡುಕುವ ಕಾಟ ಬಹುಮಟ್ಟಿಗೆ ತಪ್ಪಿದೆ. ಮಾತು ಬಹಿರಂಗವಾಗಿದ್ದರೆ ನಡುವೆ ದುಭಾಷಿಯೇ ಬೇಕಾಗುವುದಿಲ್ಲ ನೋಡಿ.

ಮನೆಯಲ್ಲಿ, ಶಾಲೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಮೇಲೆ ಸಾಂಬಾ ಹಾಕುವವರಿಗೆ ಒಂದೆರಡು ಮಾತು. ನೀವು ಕೊಂಡ ನೆಟ್‌ವರ್ಕ್ ಡಿಸ್ಕ್ ಪೆಟ್ಟಿಗೆಯ ಒಳಗೂ ಹೆಚ್ಚಾಗಿ ಇದೇ ಇರುತ್ತದೆ, ಹಾಗಾಗಿ ಅದಕ್ಕೂ ಇದು ಅನ್ವಯಿಸುತ್ತದೆ. ಎಸ್‌ಎಂಬಿಯ ಮೊದಲ ಆವೃತ್ತಿಯನ್ನು ಆನ್ ಮಾಡಬೇಡಿ. 2017ರ ಮೇ ತಿಂಗಳಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಅನ್ನುವ ವೈರಸ್ ಹರಡಿದ್ದು ವಿಂಡೋಸ್‌ನಲ್ಲಿದ್ದ ಆ ಹಳೆಯ ಆವೃತ್ತಿಯ ದೋಷದಿಂದ. ಅದೇ ತಿಂಗಳು ಸಾಂಬಾದಲ್ಲೂ ಒಂದು ಗಂಭೀರ ದೋಷ ಹೊರಬಂತು. 2010ರ 3.5 ಆವೃತ್ತಿಯಿಂದ ಅದು ಒಳಗೇ ಇತ್ತು! ಕೋಡ್ ಎಲ್ಲರಿಗೂ ಕಾಣುತ್ತದೆ ಅಂದ ಮಾತ್ರಕ್ಕೆ ಎಲ್ಲರೂ ನೋಡುತ್ತಾರೆ ಅಂತಲ್ಲ. 2019ರ ಸಾಂಬಾ 4.11ರಿಂದ ಆ ಮೊದಲ ಆವೃತ್ತಿ ತಾನಾಗಿ ಆಫ್ ಆಗಿರುತ್ತದೆ. ಹಳೆಯ ಸ್ಕ್ಯಾನರ್, ಝೆರಾಕ್ಸ್ ಮಶೀನ್‌ಗಳು ಇದ್ದಕ್ಕಿದ್ದಂತೆ ಫೋಲ್ಡರ್‌ಗೆ ಫೈಲ್ ಕಳಿಸುವುದನ್ನು ನಿಲ್ಲಿಸಿದರೆ ಕಾರಣ ಸಾಮಾನ್ಯವಾಗಿ ಇದೇ. ಆಗ ಆಫ್ ಆದದ್ದನ್ನು ಆನ್ ಮಾಡುವ ಆಸೆ ಬರುತ್ತದೆ. ಬದಲಿಗೆ ಆ ಮಶೀನ್‌ನಿಂದ ಈಮೇಲ್‌ಗೋ ಪೆನ್‌ಡ್ರೈವ್‌ಗೋ ಸ್ಕ್ಯಾನ್ ಮಾಡಿಕೊಳ್ಳಿ. ಎಸ್‌ಎಂಬಿ ಬಳಸುವ ನೆಟ್‌ವರ್ಕ್ ಬಾಗಿಲಾದ 445ನೇ ಪೋರ್ಟನ್ನು ಇಂಟರ್ನೆಟ್ ಕಡೆಗೆ ಎಂದೂ ತೆರೆಯಬೇಡಿ.

ಹೊಸಬರು ಎಡವುವ ಜಾಗ ಒಂದಿದೆ. ಲಿನಕ್ಸ್‌ನ ಪಾಸ್‌ವರ್ಡ್ ಹಾಕಿದರೆ ಸಾಂಬಾ ಒಳಗೆ ಬಿಡುವುದಿಲ್ಲ. ವಿಂಡೋಸ್ ಪಾಸ್‌ವರ್ಡನ್ನು ಗೂಢವಾಗಿಸುವ ರೀತಿಯೇ ಬೇರೆ, ಲಿನಕ್ಸ್‌ನದೇ ಬೇರೆ. ಅದಕ್ಕೆ ಸಾಂಬಾ ತನ್ನದೇ ಪಟ್ಟಿ ಇಟ್ಟುಕೊಳ್ಳುತ್ತದೆ. smbpasswd ಆಜ್ಞೆಯಿಂದ ಪ್ರತಿ ಬಳಕೆದಾರರನ್ನೂ ಅದರಲ್ಲಿ ಬೇರೆಯಾಗಿ ಸೇರಿಸಬೇಕು. ಸಂರಚನೆಯ ಫೈಲ್ ತಿದ್ದಿದ ಮೇಲೆ testparm ಆಜ್ಞೆ ಓಡಿಸಿ, ಕಾಗುಣಿತದ ತಪ್ಪಿದ್ದರೆ ಅದೇ ತೋರಿಸುತ್ತದೆ. ಇಷ್ಟಾದ ಮೇಲೂ ಫೋಲ್ಡರ್ ತೆರೆಯದಿದ್ದರೆ ಲಿನಕ್ಸ್ ಕಡೆಯ ಅನುಮತಿ ನೋಡಿ. ಸಾಂಬಾ ಒಪ್ಪಿದರೂ ಕೆಳಗಿನ ಫೈಲ್‌ಸಿಸ್ಟಂ ಒಪ್ಪದಿದ್ದರೆ ಬಾಗಿಲು ತೆರೆಯುವುದಿಲ್ಲ.

ಇನ್ನು ನಿಮ್ಮ ಪ್ರಶ್ನೆಗಳನ್ನು ಕೇಳಿ.