ಹೊತ್ತು ತಂದ ನೆಲ

ಕೇಳುಗರಿಗೆ ನಮಸ್ಕಾರ.

ಸಂಗೀತ ನಾಟಕ ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ಹಾಡು, ಕುಣಿತ, ಬಣ್ಣಬಣ್ಣದ ಬಟ್ಟೆ, ಬೆಳಕು. ನನಗೆ ಮೊದಲು ನೆನಪಾಗುವುದು ನೆಲ. ಕಪ್ಪು ಬಣ್ಣ ಬಳಿದ ಮರದ ನೆಲ. ಭಾನುವಾರ ರಾತ್ರಿ ತುಂಡು ತುಂಡಾಗಿ ಬಿಚ್ಚಿ ಟ್ರಕ್ಕಿಗೆ ಏರಿಸುವ ನೆಲ.

ಅಮೆರಿಕದಲ್ಲಿ ಊರಿಂದ ಊರಿಗೆ ಹೋಗುವ ಒಂದು ಸಂಗೀತ ನಾಟಕದ ತಂಡದಲ್ಲಿ ನಾನು ಕೆಲವು ವರ್ಷ ಇದ್ದೆ. ನನ್ನದು ಉಡುಪಿನ ವಿಭಾಗ. ಡ್ರೆಸ್ಸರ್ ಅನ್ನುತ್ತಾರೆ. ನಟರಿಗೆ ಬಟ್ಟೆ ತೊಡಿಸುವುದು, ಕತ್ತಲಲ್ಲಿ ಬದಲಿಸುವುದು, ಒಗೆಯುವುದು, ಹರಿದದ್ದನ್ನು ಹೊಲಿಯುವುದು. ಬೂಟಿನ ಲಾಡಿ ಕಟ್ಟಲು ಒಂದೊಂದು ಶೋನಲ್ಲೂ ಎಷ್ಟೋ ಸಲ ಮಂಡಿಯೂರಬೇಕು. ಹಾಗಾಗಿ ಆ ನೆಲವನ್ನು ನಾನು ಬಹಳ ಹತ್ತಿರದಿಂದ ನೋಡಿದ್ದೇನೆ.

ಪ್ರತಿ ರಂಗಮಂದಿರಕ್ಕೂ ಅದರದ್ದೇ ನೆಲ ಇರುತ್ತದೆ, ಅಲ್ವಾ? ಮತ್ತೆ ಯಾಕೆ ಹೊತ್ತು ತರಬೇಕು? ಕಾರಣ ಇದೆ. ಮನೆ, ಮೆಟ್ಟಿಲು, ಗೋಡೆ ಇವೆಲ್ಲ ನಾಟಕದ ನಡುವೆ ತಾವಾಗಿಯೇ ಜರುಗಿ ಬರುವುದನ್ನು ನೀವು ನೋಡಿರಬಹುದು. ಅವು ಜರುಗುವುದು ನೆಲದಲ್ಲಿ ಕೊರೆದ ಸಣ್ಣ ಸೀಳುಗಳ ಮೇಲೆ. ಸೀಳಿನ ಕೆಳಗೆ ಉಕ್ಕಿನ ಹಗ್ಗ ಓಡುತ್ತಿರುತ್ತದೆ. ಆ ಸೀಳು ಪ್ರತಿ ಊರಲ್ಲೂ ಅದೇ ಜಾಗದಲ್ಲಿ ಇರಬೇಕು. ಇನ್ನೊಂದು ಕಾರಣ ಕುಣಿಯುವವರ ಕಾಲು. ಒಂದು ಊರಿನ ನೆಲ ಸಿಮೆಂಟಿನಷ್ಟು ಗಟ್ಟಿ, ಇನ್ನೊಂದರದ್ದು ಹಲಗೆ ಸಡಿಲ. ಇಂಗ್ಲೆಂಡಿನ ಹಳೆಯ ಎಷ್ಟೋ ರಂಗಮಂದಿರಗಳಲ್ಲಿ ವೇದಿಕೆ ಹಿಂದಿನಿಂದ ಮುಂದಕ್ಕೆ ಇಳಿಜಾರಾಗಿಯೇ ಇದೆ. ಇಂಗ್ಲಿಷಿನಲ್ಲಿ ವೇದಿಕೆಯ ಹಿಂಭಾಗಕ್ಕೆ ಅಪ್‌ಸ್ಟೇಜ್, ಮುಂಭಾಗಕ್ಕೆ ಡೌನ್‌ಸ್ಟೇಜ್ ಅನ್ನುವ ಹೆಸರು ಬಂದದ್ದೇ ಆ ಇಳಿಜಾರಿನಿಂದ. ಇಳಿಜಾರಿನ ಮೇಲೆ ವಾರಕ್ಕೆ ಎಂಟು ಸಲ ಕುಣಿದು ನೋಡಿ, ಹಿಮ್ಮಡಿ ಗಂಟು, ಸೊಂಟ ಎರಡೂ ಹಿಡಿದುಕೊಳ್ಳುತ್ತವೆ.

ನಮ್ಮ ನೆಲದ ಪ್ರತಿ ಹಲಗೆಯ ಬೆನ್ನಿಗೂ ಒಂದು ನಂಬರ್ ಇತ್ತು. ಹಲಗೆಗಳನ್ನು ಒಂದರ ಪಕ್ಕ ಒಂದು ಕೂರಿಸಿ, ಒಳಗೆ ಹುದುಗಿಸಿದ ಕೊಕ್ಕೆಗೆ ಅಲೆನ್ ಕೀ ಹಾಕಿ ತಿರುಗಿಸಿದರೆ ಟಕ್ ಅಂತ ಕಚ್ಚಿಕೊಳ್ಳುತ್ತದೆ. ಇಡೀ ವೇದಿಕೆ ತುಂಬ ಆ ಟಕ್ ಟಕ್ ಸದ್ದು. ಆ ಸದ್ದು ಕೇಳಿದ ಮೇಲೆಯೇ ನನಗೆ ಊರಿಗೆ ಬಂದ ಹಾಗೆ ಅನ್ನಿಸುತ್ತಿತ್ತು.

ವೇದಿಕೆಯ ಮುಂಚೂಣಿಯಲ್ಲಿ ಇನ್ನೊಂದು ಸಾಲು ಅಂಕಿಗಳಿರುತ್ತವೆ. ಸರಿಯಾಗಿ ನಡುವೆ ಸೊನ್ನೆ. ಅಲ್ಲಿಂದ ಎಡಕ್ಕೂ ಬಲಕ್ಕೂ ಎರಡೆರಡು ಅಡಿಗೆ ಒಂದು ಗುರುತು. ಎರಡು, ನಾಲ್ಕು, ಆರು, ಎಂಟು. ಪ್ರೇಕ್ಷಕರಿಗೆ ಇದು ಕಾಣುವುದಿಲ್ಲ. ಕುಣಿಯುವವರಿಗೆ ಇದೇ ವಿಳಾಸ. "ಮೂರನೇ ಹಾಡಲ್ಲಿ ನಾನು ಎಡಗಡೆ ನಾಲ್ಕು" ಅನ್ನುತ್ತಾರೆ. ಹೋಟೆಲಿನ ಕೋಣೆ ನಂಬರ್ ವಾರವಾರವೂ ಬದಲಾಗುತ್ತದೆ. ಬೆಳಿಗ್ಗೆ ಎದ್ದರೆ ಇದು ಯಾವ ಊರು ಅಂತ ಒಂದು ಕ್ಷಣ ಹೊಳೆಯುವುದಿಲ್ಲ. ಕಿಟಕಿ ಯಾವ ಕಡೆ, ಬಚ್ಚಲ ಬಾಗಿಲು ಯಾವ ಕಡೆ ಅಂತ ಕತ್ತಲಲ್ಲಿ ತಡಕಾಡಬೇಕು. ಎಡಗಡೆಯ ನಾಲ್ಕು ಮಾತ್ರ ಎಲ್ಲೂ ಹೋಗುವುದಿಲ್ಲ.

ವಾರದ ಲೆಕ್ಕ ಹೀಗೆ. ಸಾಮಾನ್ಯವಾಗಿ ಮಂಗಳವಾರದಿಂದ ಭಾನುವಾರದವರೆಗೆ ಎಂಟು ಶೋ. ಶನಿವಾರ, ಭಾನುವಾರ ಎರಡೆರಡು. ಸೋಮವಾರ ರಜೆ ಅನ್ನುತ್ತಾರೆ, ಆದರೆ ಊರು ಬದಲಿಸುವ ವಾರ ಆ ರಜೆ ಬಸ್ಸಿನಲ್ಲೋ ವಿಮಾನದಲ್ಲೋ ಕಳೆದುಹೋಗುತ್ತದೆ. ಭಾನುವಾರ ರಾತ್ರಿ ಪರದೆ ಬಿದ್ದು ಚಪ್ಪಾಳೆ ನಿಲ್ಲುವ ಮೊದಲೇ ಹಿಂದೆ ಕೆಲಸ ಶುರು. ಇದಕ್ಕೆ ಲೋಡ್ ಔಟ್ ಅನ್ನುತ್ತಾರೆ. ದೊಡ್ಡ ನಾಟಕಕ್ಕೆ ಹತ್ತಕ್ಕೂ ಜಾಸ್ತಿ ಟ್ರಕ್ ಬೇಕು. ಯಾವ ಪೆಟ್ಟಿಗೆ ಯಾವ ಟ್ರಕ್ಕಿನ ಯಾವ ಮೂಲೆಗೆ ಅಂತ ನಕ್ಷೆಯೇ ಇರುತ್ತದೆ. ಮುಂದಿನ ಊರಲ್ಲಿ ಮೊದಲು ಬೇಕಾದದ್ದನ್ನು ಕೊನೆಗೆ ತುಂಬಬೇಕು. ಮೊದಲು ಇಳಿಯುವುದು ಮೇಲಿನಿಂದ ತೂಗುಬಿಡುವ ಸರಪಳಿ, ಮೋಟಾರು. ಆಮೇಲೆ ದೀಪಗಳು. ಆಮೇಲೆ ನೆಲ. ನೆಲದ ಮೇಲೆ ಸೆಟ್. ನಮ್ಮ ಬಟ್ಟೆಯ ದೊಡ್ಡ ಪೆಟ್ಟಿಗೆಗಳು, ವಾಷಿಂಗ್ ಮೆಷಿನ್, ಇಸ್ತ್ರಿ, ವಿಗ್ ಒಣಗಿಸುವ ಡಬ್ಬಿ, ಎಲ್ಲದಕ್ಕೂ ಚಕ್ರ. ಪ್ರತಿ ಊರಲ್ಲೂ ಅಲ್ಲಿನ ರಂಗ ಕೆಲಸಗಾರರು ಹತ್ತಾರು ಜನ ಕೈ ಕೊಡುತ್ತಾರೆ. ನಾಟಕವನ್ನು ಒಮ್ಮೆಯೂ ನೋಡದವರು ಅದರ ಮನೆಯನ್ನು ಅರ್ಧ ದಿನದಲ್ಲಿ ಎಬ್ಬಿಸಿ ನಿಲ್ಲಿಸುವುದನ್ನು ನೋಡಿ ನನಗೆ ಎಷ್ಟೋ ಸಲ ಕಣ್ಣು ತುಂಬಿ ಬಂದಿದೆ.

ವಾದ್ಯದವರದ್ದೂ ಹೀಗೆಯೇ. ಪ್ರವಾಸದಲ್ಲಿ ಪೂರ್ತಿ ವಾದ್ಯವೃಂದ ಬರುವುದು ಕಡಿಮೆ. ಸಂಗೀತ ನಿರ್ದೇಶಕ, ಕೀಬೋರ್ಡ್, ಡ್ರಮ್ಸ್, ಹೀಗೆ ಕೆಲವರು ಜೊತೆಗೆ ಬರುತ್ತಾರೆ. ಪಿಟೀಲು, ಕಹಳೆ, ಕೊಳಲು ಎಲ್ಲ ಆಯಾ ಊರಿನವರು. ಅವರಿಗೆ ಸ್ವರದ ಹಾಳೆ ಮುಂಚೆಯೇ ಹೋಗಿರುತ್ತದೆ. ಒಟ್ಟಿಗೆ ಅಭ್ಯಾಸ ಮಾಡಲು ಸಿಗುವುದು ಕೆಲವೇ ಗಂಟೆ. ಅದೇ ರಾತ್ರಿ ಶೋ.

ಈ ಎಂಟು ಶೋ ಅನ್ನುವ ಲೆಕ್ಕ ಸುಮ್ನೆ ಬಂದದ್ದಲ್ಲ. ಅಮೆರಿಕದಲ್ಲಿ ಇಡೀ ತಂಡ ರೈಲು ಹತ್ತಿ ಊರೂರಿಗೆ ಹೋಗುವ ಪದ್ಧತಿ 1870ರ ದಶಕದಿಂದ ಬೆಳೆಯಿತು. ಆಗ ಮುಂದಿನ ಊರಿನ ಟಿಕೆಟ್ ಮಾರಾಟ ಆಗದಿದ್ದರೆ ಮಾಲೀಕ ತಂಡವನ್ನು ನಡುದಾರಿಯಲ್ಲೇ ಬಿಟ್ಟು ಹೋಗುವುದಿತ್ತು. ಸಂಬಳ ಇಲ್ಲ, ವಾಪಸ್ ಬರಲು ರೈಲಿನ ಹಣವೂ ಇಲ್ಲ. ವಾರಗಟ್ಟಲೆ ನಡೆಯುವ ಅಭ್ಯಾಸಕ್ಕೆ ಸಂಬಳದ ಮಾತೇ ಇರಲಿಲ್ಲ. 1913ರಲ್ಲಿ ನಟರು ಆಕ್ಟರ್ಸ್ ಈಕ್ವಿಟಿ ಅಸೋಸಿಯೇಷನ್ ಕಟ್ಟಿಕೊಂಡರು. 1919ರಲ್ಲಿ ಸುಮಾರು ಒಂದು ತಿಂಗಳು ಮುಷ್ಕರ ಹೂಡಿದರು. ನ್ಯೂಯಾರ್ಕಿನ ರಂಗಮಂದಿರಗಳು ಒಂದೊಂದಾಗಿ ಬಾಗಿಲು ಹಾಕಿದವು. ಅವರು ಕೇಳಿದ್ದರಲ್ಲಿ ಒಂದು, ವಾರಕ್ಕೆ ಎಂಟಕ್ಕಿಂತ ಜಾಸ್ತಿ ಶೋ ಆಡಿಸಿದರೆ ಅದಕ್ಕೆ ಬೇರೆ ಹಣ ಕೊಡಿ ಅನ್ನುವುದು. ನಡುದಾರಿಯಲ್ಲಿ ಕೈಬಿಟ್ಟ ಆ ಜನರನ್ನು ನಾನು ಆಗಾಗ ನೆನೆಯುತ್ತೇನೆ. ನನ್ನ ಕೈಯಲ್ಲಿ ವಾಪಸ್ ಟಿಕೆಟ್ ಇದ್ದದ್ದು ಅವರಿಂದ.

ಇನ್ನು ಮೈಯ ಮಾತು. ಹಾಡುವವರಿಗೆ ವಿಮಾನದ ಒಣಗಾಳಿ ಆಗುವುದಿಲ್ಲ. ಹೋಟೆಲಿನ ಹೀಟರ್ ಕೂಡ ಆಗುವುದಿಲ್ಲ. ಎಲ್ಲರ ಪೆಟ್ಟಿಗೆಯಲ್ಲೂ ಹಬೆ ತೆಗೆದುಕೊಳ್ಳುವ ಒಂದು ಯಂತ್ರ. ಅಮೆರಿಕದ ಡೆನ್ವರ್ ನಗರ ಸಮುದ್ರ ಮಟ್ಟದಿಂದ 5,280 ಅಡಿ ಎತ್ತರದಲ್ಲಿದೆ. ಅಲ್ಲಿ ಕುಣಿಯುತ್ತಾ ಹಾಡಿದರೆ ಉಸಿರು ಸಾಲುವುದಿಲ್ಲ. ಸೈಡ್ ವಿಂಗಿನಲ್ಲಿ, ಅಂದರೆ ವೇದಿಕೆಯ ಪಕ್ಕದ ಮರೆಯಲ್ಲಿ, ಆಮ್ಲಜನಕದ ಸಿಲಿಂಡರ್ ಇಟ್ಟಿರುತ್ತಾರೆ. ಮುಗುಳ್ನಗುತ್ತಾ ಒಳಗೆ ಬಂದವರು ಮಾಸ್ಕ್ ಹಿಡಿದು ನಾಲ್ಕು ಉಸಿರು ಎಳೆದು, ಮತ್ತೆ ಮುಗುಳ್ನಗುತ್ತಾ ಹೊರಗೆ ಓಡುತ್ತಾರೆ. ಬೆವರಿನ ಮಾತಂತೂ ಕೇಳಬೇಡಿ. ಒಳಬಟ್ಟೆ ದಿನಾ ಒಗೆಯುತ್ತೇವೆ. ಮಣಿ ಹೊಲಿದ ಭಾರೀ ಉಡುಪನ್ನು ಒಗೆಯಲು ಆಗುವುದಿಲ್ಲ. ಅದಕ್ಕೆ ವೋಡ್ಕಾಗೆ ನೀರು ಬೆರೆಸಿ ಒಳಮೈಗೆ ಸಿಂಪಡಿಸಿ ಗಾಳಿಗೆ ಹಾಕುತ್ತೇವೆ. ವಾಸನೆ ಹೋಗುತ್ತದೆ, ಬಟ್ಟೆಗೆ ಏನೂ ಆಗುವುದಿಲ್ಲ. ತಲೆತಲಾಂತರದಿಂದ ರಂಗದ ಬಟ್ಟೆಯವರು ಒಬ್ಬರಿಂದೊಬ್ಬರು ಕಲಿತ ಉಪಾಯ ಇದು.

ಈಗ ನಾನು ನಿಜವಾಗಿ ಹೇಳಬೇಕಾದವರ ಬಗ್ಗೆ ಹೇಳುತ್ತೇನೆ. ತಂಡದಲ್ಲಿ ಸ್ವಿಂಗ್ ಅನ್ನುವವರು ಇರುತ್ತಾರೆ. ಅವರಿಗೆ ದಿನನಿತ್ಯದ ಪಾತ್ರ ಇಲ್ಲ. ಗುಂಪಿನಲ್ಲಿ ಹಾಡಿ ಕುಣಿಯುವ ಐದಾರು ಜನರ, ಕೆಲವೊಮ್ಮೆ ಹತ್ತು ಜನರ ಪಾತ್ರ ಅವರಿಗೆ ಪೂರ್ತಿ ಬಾಯಿಪಾಠ ಇರಬೇಕು. ಯಾರಿಗಾದರೂ ಜ್ವರ ಬಂದರೆ, ಕಾಲು ಉಳುಕಿದರೆ, ಅವರು ಹೋಗಬೇಕು.

ನಮ್ಮಲ್ಲಿ ಒಬ್ಬಳು ಇದ್ದಳು. ಏಳು ಜನರ ಪಾತ್ರ ಅವಳ ಪಾಲಿಗೆ. ಅವಳ ಬಳಿ ಒಂದು ದಪ್ಪ ನೋಟ್‌ಬುಕ್. ಪ್ರತಿ ಹಾಡಿಗೂ ಒಂದು ನಕ್ಷೆ, ಪ್ರತಿ ಪಾತ್ರಕ್ಕೂ ಒಂದು ಬಣ್ಣದ ಪೆನ್ಸಿಲ್. ಒಂದು ಶನಿವಾರ ಎರಡನೇ ಶೋ. ಇಂಟರ್ವಲ್‌ಗೆ ಮುಂಚಿನ ಹಾಡು ಮುಗಿಸಿ ಒಳಗೆ ಓಡಿಬಂದ ನರ್ತಕಿಯೊಬ್ಬಳ ಪಾದ ಹೊರಳಿತು. ಆ ಪಾತ್ರವನ್ನು ನಮ್ಮ ಸ್ವಿಂಗ್ ಪ್ರೇಕ್ಷಕರ ಮುಂದೆ ಒಮ್ಮೆಯೂ ಆಡಿರಲಿಲ್ಲ. ಕೈಯಲ್ಲಿ ಇಪ್ಪತ್ತು ನಿಮಿಷ. ಒಬ್ಬರು ಕೂದಲನ್ನು ಬಿಗಿದು ವಿಗ್ ಚುಚ್ಚುತ್ತಿದ್ದಾರೆ. ಒಬ್ಬರು ಹಣೆಯ ಅಂಚಿಗೆ ಮೈಕ್ ಅಂಟಿಸುತ್ತಿದ್ದಾರೆ. ನಾನು ಬೆನ್ನ ಹಿಂದೆ ಗುಂಡಿ ಹಾಕುತ್ತಿದ್ದೇನೆ. ಅವಳು ಕಣ್ಣು ಮುಚ್ಚಿ ಸಣ್ಣ ದನಿಯಲ್ಲಿ ಹೇಳಿಕೊಳ್ಳುತ್ತಿದ್ದಳು. "ಎಡ ನಾಲ್ಕು. ತಿರುಗು. ಬಲ ಎರಡು. ಹಿಂದೆ. ಸೊನ್ನೆ. ಎಡ ಆರು." ಮಗ್ಗಿ ಹೇಳುವ ಮಗುವಿನ ಹಾಗೆ.

ಪರದೆ ಎದ್ದಿತು. ನಾನು ಸೈಡ್ ವಿಂಗಿನಲ್ಲಿ ಮುಂದಿನ ಲಂಗ ಹಿಡಿದು ನಿಂತಿದ್ದೆ. ಸಾಲಿನಲ್ಲಿದ್ದವರು ಅವಳನ್ನು ಹೇಗೆ ನಡೆಸಿಕೊಂಡು ಹೋದರು ಅನ್ನುವುದನ್ನು ನಾನು ಅಲ್ಲಿಂದ ನೋಡಿದೆ. ಒಬ್ಬ ದಾಟುವಾಗ ಅವಳ ಮೊಣಕೈಯನ್ನು ಮೆಲ್ಲಗೆ ಒತ್ತಿದ. ಇನ್ನೊಬ್ಬಳು ಹಾಡುತ್ತಲೇ ಕಣ್ಣಲ್ಲಿ ದಿಕ್ಕು ತೋರಿಸಿದಳು. ಕುಣಿತದ ನಡುವೆ ಅವಳನ್ನು ಮೇಲೆತ್ತುವ ಮುಂಚೆ ಅವಳ ಜೊತೆಗಾರ ಅರ್ಧ ಹೆಜ್ಜೆ ಹತ್ತಿರ ಬಂದು ನಿಂತ. ಪ್ರೇಕ್ಷಕರಿಗೆ ಏನೂ ಗೊತ್ತಾಗಲಿಲ್ಲ. ಶೋ ಮುಗಿದ ಮೇಲೆ ನನ್ನ ಮುಂದೆ ಕುಳಿತು ಅವಳು ಆಡಿದ ಮೊದಲ ಮಾತು, "ಎರಡನೇ ಹಾಡಲ್ಲಿ ಆರರ ಮೇಲೆ ನಿಲ್ಲಬೇಕಿತ್ತು. ನಾಲ್ಕರ ಮೇಲೆ ನಿಂತುಬಿಟ್ಟೆ."

ರಂಗಮಂದಿರದ ಬಾಗಿಲಲ್ಲಿ ಒಂದು ಸಣ್ಣ ಚೀಟಿ ಅಂಟಿಸಿರುತ್ತಾರೆ, ಇಂದು ಈ ಪಾತ್ರವನ್ನು ಇವರು ಮಾಡುತ್ತಾರೆ ಅಂತ. ಅದನ್ನು ಓದಿ "ಅಯ್ಯೋ, ಬದಲಿ ಜನವಾ" ಅಂತ ಮುಖ ಸಣ್ಣದು ಮಾಡುವವರನ್ನು ಕಂಡರೆ ನನಗೆ ಈಗಲೂ ನೋವಾಗುತ್ತದೆ. ಅಂಥ ಚೀಟಿ ಕಂಡ ದಿನ ದಯವಿಟ್ಟು ಆ ಹೆಸರನ್ನು ನೆನಪಿಟ್ಟುಕೊಳ್ಳಿ. ಕೊನೆಯಲ್ಲಿ ಅವರು ತಲೆಬಾಗುವಾಗ ಸ್ವಲ್ಪ ಜೋರಾಗಿ ಚಪ್ಪಾಳೆ ತಟ್ಟಿ.

ಪ್ರವಾಸದಲ್ಲಿ ಕಳೆದುಕೊಳ್ಳುವುದೂ ಬಹಳ. ಮನೆಯವರ ಮದುವೆ, ಗೆಳತಿಯ ಮಗುವಿನ ಹೆಸರಿಡುವ ದಿನ, ಅಪ್ಪನ ಆಸ್ಪತ್ರೆ. ಫೋನಿನಲ್ಲಿ ಎಷ್ಟು ಮಾತಾಡಿದರೂ ಅಷ್ಟೇ. ಇದಕ್ಕೆ ನಾನು ಸಮಾಧಾನ ಹೇಳಲಾರೆ.

2020ರ ಮಾರ್ಚ್ ತಿಂಗಳು. ಕೊರೊನಾದಿಂದಾಗಿ ಮಾರ್ಚ್ 12ರಂದು ಬ್ರಾಡ್‌ವೇ, ಅಂದರೆ ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳು, ಮುಚ್ಚಿದವು. ಪ್ರವಾಸದಲ್ಲಿದ್ದ ತಂಡಗಳೂ ಇದ್ದ ಊರಲ್ಲೇ ನಿಂತವು. ಎಲ್ಲರನ್ನೂ ಮನೆಗೆ ಕಳಿಸಿದರು. ಅಮೆರಿಕದ ರಸ್ತೆಗೆ ದೊಡ್ಡ ಸಂಗೀತ ನಾಟಕಗಳು ಮತ್ತೆ ಇಳಿದದ್ದು 2021ರ ಆಗಸ್ಟ್‌ನಿಂದ. ನಮ್ಮ ನೆಲ ಅಷ್ಟೂ ಕಾಲ ಒಂದು ಗೋದಾಮಿನಲ್ಲಿ ಮಡಚಿಕೊಂಡು ಬಿದ್ದಿತ್ತು.

ಮತ್ತೆ ಸೇರಿದ ದಿನ ನನ್ನ ಕೆಲಸ ಕೆಳಗಿನ ಕೋಣೆಯಲ್ಲಿತ್ತು. ಆದರೂ ಮೇಲೆ ಹೋಗಿ ನಿಂತೆ. ಹಲಗೆಗಳು ಒಂದೊಂದಾಗಿ ಬಂದವು. ಟಕ್ ಟಕ್ ಅಂತ ಕಚ್ಚಿಕೊಂಡವು. ಕೆಲವು ಕಡೆ ಹಳೆಯ ಟೇಪಿನ ಅಂಟು ಹಾಗೇ ಇತ್ತು. ಮುಂಚೂಣಿಯ ಅಂಕಿಗಳಲ್ಲಿ ಎಡಗಡೆಯ ನಾಲ್ಕು ಸವೆದು ಅರ್ಧ ಮಾಸಿಹೋಗಿತ್ತು. ಸ್ಟೇಜ್ ಮ್ಯಾನೇಜರ್ ಸಣ್ಣ ಬ್ರಷ್ ತಂದು ಬಿಳಿ ಬಣ್ಣದಲ್ಲಿ ಅದನ್ನು ಮತ್ತೆ ಬರೆದರು. ಒಣಗುವ ತನಕ ಯಾರೂ ತುಳಿಯಬೇಡಿ ಅಂದರು. ನಾವೆಲ್ಲ ಸುತ್ತ ನಿಂತು, ಮಾತಿಲ್ಲದೆ, ಆ ಬಣ್ಣ ಒಣಗುವುದನ್ನೇ ನೋಡುತ್ತಿದ್ದೆವು.

ನಮಸ್ಕಾರ.